ಅಡಿಕೆ ವ್ಯಾಪಾರಿಯಾಗಿದ್ದ ಅಜ್ಜ 1973ರಲ್ಲಿ ಬೆಳೆಗಾರರ ಸಹಕಾರಿಯನ್ನು ಸೇರಿದ್ದೇಕೆ?

ಪ್ರಶ್ನೆ: ವಿಟ್ಲದ ಮೊಮ್ಮಗ

ಎಲ್ಲರಿಗೂ ನಮಸ್ಕಾರ. ಕಳೆದ ವರ್ಷ ತೀರಿಕೊಂಡ ನನ್ನ ಅಜ್ಜನ ವರ್ಷಾಂತಿಕದ ದಿನ ಬಂದವರಿಗೆ ಕೊಡಲೆಂದು ಅವರ ಜೀವನದ ಬಗ್ಗೆ ಒಂದು ಚಿಕ್ಕ ಪುಸ್ತಿಕೆ ಬರೆಯುವ ಕೆಲಸವನ್ನು ಮನೆಯವರು ನನಗೆ ಒಪ್ಪಿಸಿದ್ದಾರೆ. ಅಜ್ಜ ಹುಟ್ಟಿ ಬೆಳೆದದ್ದು ವಿಟ್ಲದ ಹತ್ತಿರದ ಒಂದು ಅಡಿಕೆ ತೋಟದ ಮನೆಯಲ್ಲಿ. ತೋಟಕ್ಕೆ ಸೊಪ್ಪು ಹಾಕುವುದು, ಏತದಲ್ಲಿ ನೀರೆತ್ತುವುದು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡಿಸುವುದು, ಇಪ್ಪತ್ತು ದಾಟುವವರೆಗೂ ಇವೇ ಅವರ ಕೆಲಸಗಳು. ಅಣ್ಣತಮ್ಮಂದಿರ ಸಂಖ್ಯೆ ಹೆಚ್ಚಿ, ತೋಟವೊಂದೇ ಎಲ್ಲರಿಗೂ ಸಾಲದು ಎಂದಾದಾಗ ಪೇಟೆಯಲ್ಲಿ ಬಾಡಿಗೆಗೆ ಒಂದು ಕೋಣೆ ಹಿಡಿದು ಅಡಿಕೆ, ಕಾಳುಮೆಣಸು, ತೆಂಗಿನಕಾಯಿ ಖರೀದಿ ಆರಂಭಿಸಿದರು. ಅದೇ ಅಂಗಡಿಯಿಂದ ಅಕ್ಕಿ, ಉಪ್ಪು, ಕೊಳೆರೋಗದ ಮದ್ದಿಗೆ ಬೇಕಾದ ಮೈಲುತುತ್ತುಗಳನ್ನು ಕೃಷಿಕರಿಗೆ ಸಾಲಕ್ಕೂ ಕೊಡುತ್ತಿದ್ದರು. ಮುಂದೆ ಶಾಲೆಯ ಕಟ್ಟಡ ಸಮಿತಿಯಿಂದ ದೇವಸ್ಥಾನದ ಜೀರ್ಣೋದ್ಧಾರದವರೆಗೆ ಊರಿನ ಯಾವ ಕೆಲಸವೂ ಅವರನ್ನು ಬಿಟ್ಟು ನಡೆಯಲಿಲ್ಲ.

ನನ್ನನ್ನು ತಡೆದು ನಿಲ್ಲಿಸಿರುವುದು ಒಂದು ಕಾಗದ. ಅವರ ಮರದ ಪೆಟ್ಟಿಗೆಯಲ್ಲಿ ಅಡಿಕೆ ಬೆಳೆಗಾರರ ಸಹಕಾರಿಯಾದ ಕ್ಯಾಂಪ್ಕೋದ 1973ರ ಪಾಲು ಪತ್ರ ಸಿಕ್ಕಿತು. ಬೆಳೆಗಾರರಿಂದ ನೇರವಾಗಿ ಅಡಿಕೆ ಕೊಳ್ಳಲು ಹುಟ್ಟಿದ ಆ ಸಂಸ್ಥೆಯಿಂದ ಅಜ್ಜನ ಅಡಿಕೆ ವ್ಯಾಪಾರ ಕೆಲವೇ ವರ್ಷಗಳಲ್ಲಿ ಅರ್ಧಕ್ಕಿಳಿಯಿತು ಎಂದು ಅಪ್ಪ ಹೇಳುತ್ತಾರೆ. ಹಾಗಿದ್ದೂ ಅವರು ಮೊದಲ ವರ್ಷವೇ ಸದಸ್ಯರಾದರಲ್ಲದೆ, ನೆರೆಕರೆಯವರನ್ನೂ ಸೇರಿಸಿದರಂತೆ. ‘ನಿಃಸ್ವಾರ್ಥಿಗಳಾಗಿದ್ದರು’ ಎಂದು ಒಂದು ಸಾಲು ಬರೆದು ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಆ ಕಾಲದ ವ್ಯವಹಾರವನ್ನು ಹತ್ತಿರದಿಂದ ಕಂಡವರು ತಿಳಿಸಿಕೊಟ್ಟರೆ ಉಪಕಾರವಾಗುತ್ತದೆ.

ಉತ್ತರ 1: ಹಳೆಯ ಗುಮಾಸ್ತ

ತಮ್ಮಾ, ನಾನು ಮಂಗಳೂರಿನ ಬಂದರಿನ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವನು. ನಿಮ್ಮ ಅಜ್ಜನಂಥವರು ವಿಟ್ಲ, ಪುತ್ತೂರು, ಸುಳ್ಯ, ಬೆಳ್ತಂಗಡಿಗಳಿಂದ ಕಳುಹಿಸುತ್ತಿದ್ದ ಗೋಣಿಗಳು ನಮ್ಮಲ್ಲಿಗೆ ಬರುತ್ತಿದ್ದವು. ನೀವು ವ್ಯಾಪಾರಿ ಒಂದು ಕಡೆ, ಬೆಳೆಗಾರ ಇನ್ನೊಂದು ಕಡೆ ಎಂದು ಭಾವಿಸಿ ಪ್ರಶ್ನೆ ಕೇಳಿದ್ದೀರಿ, ಆದರೆ ಸಣ್ಣ ಪೇಟೆಯ ವ್ಯಾಪಾರಿಯ ಸ್ಥಿತಿ ಹಾಗಿರಲಿಲ್ಲ.

ಕೃಷಿಕನ ವರ್ಷವನ್ನು ಮೊದಲು ನೋಡಿ. ಮಳೆ ಹಿಡಿಯುವ ಹೊತ್ತಿಗೆ ಮದ್ದು ಬಿಡಬೇಕು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಆಗ ಕೃಷಿಕನ ಕೈಯಲ್ಲಿ ಹಣವಿರುವುದಿಲ್ಲ, ಆದ್ದರಿಂದ ಮೈಲುತುತ್ತು ಸಾಲ. ಕೊಯ್ಲು ಆರಂಭವಾಗುವುದು ನವೆಂಬರ್ ಸುಮಾರಿಗೆ, ಅಂಗಳದಲ್ಲಿ ಒಣಗಲು 40 ದಿನ, ಆಮೇಲೆ ಸುಲಿಯಬೇಕು. ಜೂನ್ ತಿಂಗಳ ಸಾಲ ತೀರುವುದು ಮರುವರ್ಷದ ಫೆಬ್ರವರಿಗೋ ಮಾರ್ಚಿಗೋ, ಅದೂ ಹಣದಲ್ಲಲ್ಲ, ಅಡಿಕೆಯಲ್ಲಿ. ಸಾಲ ಕೊಟ್ಟ ಅಂಗಡಿಗೇ ಅಡಿಕೆ ಹಾಕಬೇಕೆಂಬುದು ಯಾರೂ ಬರೆದಿಡದ ಕಟ್ಟಳೆಯಾಗಿತ್ತು. ಕೃಷಿಕನಿಗೆ ಇದು ಸಂಕೋಲೆ ಎಂಬುದು ನಿಜ. ಆದರೆ ಅಷ್ಟು ತಿಂಗಳು ಕೈಯಿಂದ ಹಣ ಹೂಡಿ ಕಾಯುವ ಅಂಗಡಿಯವನಿಗೂ ಅದು ಸಂಕೋಲೆಯೇ. ಅವನ ಧಾರಣೆಯನ್ನು ನಿರ್ಧರಿಸುತ್ತಿದ್ದವರು ಬಂದರಿನ ದೊಡ್ಡ ವ್ಯಾಪಾರಿಗಳು. ಅವರ ಧಾರಣೆ ಗುಜರಾತ್, ಮಹಾರಾಷ್ಟ್ರ, ಉತ್ತರ ಭಾರತದ ಖರೀದಿದಾರರ ಕೈಯಲ್ಲಿತ್ತು. ಮಾಲು ಕಳುಹಿಸಿ ತಿಂಗಳುಗಟ್ಟಲೆ ಹಣಕ್ಕಾಗಿ ಪತ್ರ ಬರೆಯುತ್ತಿದ್ದ ಪೇಟೆ ವ್ಯಾಪಾರಿಗಳ ಕಾಗದಗಳನ್ನು ನಾನೇ ಫೈಲಿಗೆ ಹಾಕುತ್ತಿದ್ದೆ.

ಎಪ್ಪತ್ತರ ದಶಕದ ಆರಂಭದಲ್ಲಿ ಧಾರಣೆ ಕುಸಿದು ಮೇಲಿನವರು ಖರೀದಿಯಿಂದ ಹಿಂದೆ ಸರಿದಾಗ, ಕೆಳಗಿನ ಅಂಗಡಿಯವನು ಎರಡೂ ಕಡೆಯಿಂದ ಸಿಕ್ಕಿಬಿದ್ದ. ಅಟ್ಟದಲ್ಲಿ ಧಾರಣೆ ಬಿದ್ದುಹೋದ ಮಾಲು, ಬಾಗಿಲಲ್ಲಿ ಪರಿಚಯದ ಕೃಷಿಕ. ಆ ಕೃಷಿಕ ಅವನ ತೋಟದ ನೆರೆಯವನು, ಒಮ್ಮೊಮ್ಮೆ ಅವನ ಸ್ವಂತ ಅಣ್ಣ. ಯಾವತ್ತೂ ಬಾಗಿಲು ಮುಚ್ಚದ ಒಬ್ಬ ಖರೀದಿದಾರ ಮಾರುಕಟ್ಟೆಯಲ್ಲಿ ಇರಬೇಕೆಂದು ಬೆಳೆಗಾರನಷ್ಟೇ ತೀವ್ರವಾಗಿ ಬಯಸಿದ ಪೇಟೆ ವ್ಯಾಪಾರಿಗಳನ್ನು ನಾನು ಕಂಡಿದ್ದೇನೆ. ತೋಟದಿಂದ ಬಂದವರಲ್ಲಿ ಈ ಬಯಕೆ ಹೆಚ್ಚಿತ್ತು.

ಉತ್ತರ 2: ಬದಿಯಡ್ಕದ ಕೃಷಿಕ

ಗುಮಾಸ್ತರು ಹೇಳಿದ್ದಕ್ಕೆ ಗಡಿಯ ಈಚೆಯಿಂದ, ಕೇರಳದ ಕಾಸರಗೋಡು ಕಡೆಯಿಂದ, ನನ್ನದೂ ಸ್ವಲ್ಪ ಸೇರಿಸುತ್ತೇನೆ. ಬೆಳೆಗಾರರು ಕೂಡಿ ಮಾರುವ ವಿಚಾರ ನಮ್ಮ ನಾಡಿಗೆ ಹೊಸದಾಗಿರಲಿಲ್ಲ. ಶಿರಸಿಯ ತೋಟಗಾರರ ಸೊಸೈಟಿ 1923ರಲ್ಲಿ, ಶಿವಮೊಗ್ಗದ ಮಾಮ್‌ಕೋಸ್ 1939ರಲ್ಲಿ ಹುಟ್ಟಿದ್ದವು. ಕರಾವಳಿಯ ತೊಡಕೆಂದರೆ, 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಹೋದುದರಿಂದ ಒಂದೇ ಕುಟುಂಬದ ತೋಟಗಳು ಎರಡು ರಾಜ್ಯಗಳಿಗೆ ಹಂಚಿಹೋಗಿದ್ದವು. ಒಂದೇ ರಾಜ್ಯದ ಸೊಸೈಟಿಯಿಂದ ಈ ಪ್ರದೇಶದ ಅಡಿಕೆಗೆ ಪೂರ್ತಿ ರಕ್ಷಣೆ ಸಿಗುವಂತಿರಲಿಲ್ಲ.

ಇದನ್ನು ಮನಗಂಡು ಎರಡೂ ರಾಜ್ಯಗಳನ್ನು ಜೊತೆಗೂಡಿಸಿದವರು ಅಡ್ಯನಡ್ಕದ ವಾರಣಾಶಿ ಸುಬ್ರಾಯ ಭಟ್ಟರು. ಅಡ್ಯನಡ್ಕವಿರುವುದು ಗಡಿಯ ಅಂಚಿನಲ್ಲೇ, ನಿಮ್ಮ ವಿಟ್ಲಕ್ಕೂ ಸಮೀಪ. ಅವರೂ ಅಡಿಕೆ ಕೃಷಿಕರೇ. ದೊಡ್ಡ ನಗರದ ವ್ಯಾಪಾರದ ಹಿನ್ನೆಲೆ ಅವರಿಗಿರಲಿಲ್ಲ. ಅವರ ಅಧ್ಯಕ್ಷತೆಯಲ್ಲಿ 1973ರ ಜುಲೈ 11ರಂದು ಕ್ಯಾಂಪ್ಕೋ ಮಂಗಳೂರಿನಲ್ಲಿ ಸ್ಥಾಪನೆಯಾಯಿತು. ನಿಮ್ಮ ಅಜ್ಜ ಆ ವರ್ಷವೇ ಪಾಲು ಕೊಂಡಿದ್ದರೆ, ಆ ಸಂಸ್ಥೆ ಉಳಿಯುತ್ತದೋ ಇಲ್ಲವೋ ಎಂದು ಯಾರಿಗೂ ಖಾತ್ರಿಯಿಲ್ಲದ ಕಾಲದಲ್ಲಿ ಕೊಂಡಿದ್ದಾರೆ. ಪುಸ್ತಿಕೆಯಲ್ಲಿ ಈ ಅಂಶಕ್ಕೆ ಜಾಗ ಕೊಡಿ.

ಕೊಕ್ಕೋ ಕಥೆಯನ್ನೂ ಬಿಡಬೇಡಿ. ಅಡಿಕೆ ತೋಟದ ನಡುವೆ ಕೊಕ್ಕೋ ಬೆಳೆಸಿ ಎಂಬ ಪ್ರೋತ್ಸಾಹ ನಮಗೆಲ್ಲ ಸಿಕ್ಕಿತ್ತು, ಗಿಡ ನೆಟ್ಟೆವು, ಫಸಲೂ ಬಂತು. 1980ರ ಆಸುಪಾಸಿನಲ್ಲಿ ಧಾರಣೆ ಬಿದ್ದು ಖಾಸಗಿ ಖರೀದಿ ನಿಂತಿತು. ಒಣಗಿದ ಅಡಿಕೆಯನ್ನಾದರೂ ಅಟ್ಟದಲ್ಲಿಟ್ಟು ಕಾಯಬಹುದು. ಒಂದು ಮಳೆಗಾಲ ಕಳೆದದ್ದು ಸಿಂಗಲ್ ಚೋಲ್, ಎರಡು ಕಳೆದದ್ದು ಡಬ್ಬಲ್ ಚೋಲ್, ಹಳತಾದಷ್ಟೂ ಬೆಲೆ. ಹಸಿ ಕೊಕ್ಕೋ ಬೀಜ ಹಾಗಲ್ಲ. ಕಾಯಿ ಒಡೆದ ಮೇಲೆ ತಡಮಾಡದೆ ಹುದುಗು ಹಾಕದಿದ್ದರೆ ಕೆಡುತ್ತದೆ. ನನ್ನ ತಂದೆ ಎರಡು ಬುಟ್ಟಿ ಹಸಿ ಬೀಜವನ್ನು ಪೇಟೆಗೆ ಹೊತ್ತು, ಕೊಳ್ಳುವವರಿಲ್ಲದೆ ಹಿಂದೆ ತಂದು ತೆಂಗಿನ ಬುಡಕ್ಕೆ ಸುರಿದದ್ದನ್ನು ನಾನು ನೋಡಿದ್ದೇನೆ. ಆ ಹೊತ್ತಿಗೆ ಕ್ಯಾಂಪ್ಕೋ ಕೊಕ್ಕೋ ಖರೀದಿಗೂ ಇಳಿಯಿತು. ಕೊಂಡ ಬೀಜಕ್ಕೆ ಶಾಶ್ವತ ದಾರಿ ಬೇಕೆಂದು 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಕೃಷಿಕರೇ ಚಾಕೊಲೇಟ್ ತಯಾರಿಸಿ ಮಾರುವುದೆಂದರೆ ಆಗಿನ ಕಾಲಕ್ಕೆ ಎಷ್ಟು ದೊಡ್ಡ ಸಾಹಸವೆಂಬುದು ಇಂದಿನ ಮಕ್ಕಳಿಗೆ ತಿಳಿಯಬೇಕು.

ಉತ್ತರ 3: ಪುತ್ತೂರು ಬದಿಯ ಅಧ್ಯಾಪಕಿ

ಮೇಲಿನ ಇಬ್ಬರು ಹಿರಿಯರ ಮಾತನ್ನು ಗೌರವಿಸುತ್ತಲೇ ಒಂದು ಎಚ್ಚರಿಕೆ ಹೇಳಬೇಕೆನಿಸುತ್ತದೆ. ಊರಿನ ಮುಂದಾಳುಗಳ ಜೀವನಚರಿತ್ರೆಗಳಲ್ಲಿ ಸಮಿತಿಗಳ ಪಟ್ಟಿ ಇರುತ್ತದೆ, ಸಾಲ ಪಡೆದವರ ಧ್ವನಿ ಇರುವುದಿಲ್ಲ. 1974ರ ಮಾರ್ಚ್ 1ರಿಂದ ಭೂಸುಧಾರಣಾ ಕಾಯಿದೆಯ ತಿದ್ದುಪಡಿ ಜಾರಿಗೆ ಬಂದು, ದಕ್ಷಿಣ ಕನ್ನಡದ ಚಾಲಗೇಣಿ (ಕಾಯಂ ಹಕ್ಕಿಲ್ಲದ ಗೇಣಿ) ಒಕ್ಕಲುಗಳು ತಾವು ದುಡಿದ ಭೂಮಿಗೆ ಒಡೆಯರಾದರು. ಗೇಣಿಗೆಂದು ಧಣಿಯ ಅಂಗಳಕ್ಕೆ ಫಸಲು ಹಾಕುತ್ತಿದ್ದವರು ಅದನ್ನು ಮೊದಲ ಬಾರಿ ತಮ್ಮ ಹೆಸರಿನಲ್ಲಿ ಮಾರಲು ಪೇಟೆಗೆ ಬಂದ ಕಾಲವದು. ಅಂಥವರ ಕೈಯಲ್ಲಿದ್ದುದು ಒಂದೆರಡು ಗೋಣಿ ಮಾತ್ರ. ಅಡಿಕೆಯ ದರ್ಜೆಯ ಬಗ್ಗೆ ಚರ್ಚಿಸುವ ಧೈರ್ಯವೂ ಅವರಿಗಿರಲಿಲ್ಲ. ನಿಮ್ಮ ಅಜ್ಜ ಅವರೊಡನೆ ಹೇಗೆ ನಡೆದುಕೊಂಡರು ಎಂಬುದು ಪಾಲು ಪತ್ರದಿಂದ ಗೊತ್ತಾಗದು. ಅಂಗಡಿಯ ದಿನದ ಲೆಕ್ಕ ಬರೆದ ಕಿರ್ದಿ ಪುಸ್ತಕಗಳು ಉಳಿದಿದ್ದರೆ ದಯವಿಟ್ಟು ಅವನ್ನು ಓದಿ, ಬಳಿಕ ಬರೆಯಿರಿ.

ಪ್ರಶ್ನೆ ಕೇಳಿದವರ ಮರುಬರಹ: ವಿಟ್ಲದ ಮೊಮ್ಮಗ

ಮೂವರಿಗೂ ನಾನು ಋಣಿ. ಅಧ್ಯಾಪಕಿಯವರ ಮಾತು ಮನಸ್ಸಿಗೆ ನಾಟಿದ್ದರಿಂದ ಭಾನುವಾರ ಅಟ್ಟ ಹತ್ತಿ ಹುಡುಕಿದೆ. ಗೆದ್ದಲು ಹಿಡಿದದ್ದನ್ನು ಬಿಟ್ಟು ಐದು ಕಿರ್ದಿ ಪುಸ್ತಕಗಳು ಸಿಕ್ಕಿದವು. 1972ರ ಪುಸ್ತಕದಲ್ಲಿ ಅಡಿಕೆ ಖರೀದಿಯ ಪುಟಗಳು ವಾರಗಟ್ಟಲೆ ಖಾಲಿಯಾಗಿವೆ. ಅದೇ ದಿನಗಳಲ್ಲಿ ಅಕ್ಕಿ ಮತ್ತು ಮೈಲುತುತ್ತಿನ ಸಾಲ ಮಾತ್ರ ನಿಂತಿಲ್ಲ. ಅದರಲ್ಲಿ ಒಂದಷ್ಟು ಹೆಸರುಗಳ ಮುಂದಿನ ಮೊತ್ತವನ್ನು ನೀಲಿ ಶಾಯಿಯಲ್ಲಿ ಹೊಡೆದುಹಾಕಿದ್ದಾರೆ; ಎಲ್ಲ ಹೆಸರುಗಳ ಮುಂದಲ್ಲ. ಬಡ್ಡಿ ಹಾಕಿ ವಸೂಲು ಮಾಡಿದ ನಮೂದುಗಳೂ ಇವೆ, ಅವನ್ನೂ ಬರೆಯುತ್ತೇನೆ.

ಕ್ಯಾಂಪ್ಕೋ ಬಂದ ಮೇಲಿನ ವರ್ಷಗಳಲ್ಲಿ ಅಂಗಡಿಯ ಬಾಗಿಲಿಗೆ ಒಂದು ಸ್ಲೇಟು ತೂಗುಹಾಕಿ, ಸಹಕಾರಿಯ ಆ ದಿನದ ಧಾರಣೆಯನ್ನು ಮೇಲೆ, ತಮ್ಮ ಧಾರಣೆಯನ್ನು ಕೆಳಗೆ ಬರೆಯುತ್ತಿದ್ದರೆಂದು ಅಪ್ಪ ಈಗ ನೆನಪು ಮಾಡಿಕೊಂಡರು. ಅದನ್ನು ಒರೆಸಿ ಬರೆಯುವ ಕೆಲಸ ಹುಡುಗನಾಗಿದ್ದ ಅಪ್ಪನದಾಗಿತ್ತಂತೆ.

ಗುಮಾಸ್ತರಲ್ಲಿ ಒಂದು ವಿಷಯ ಕೇಳಬೇಕಾಗಿದೆ. ಪ್ರತಿಯೊಬ್ಬ ಕೃಷಿಕನ ಹೆಸರಿನ ಕೆಳಗೆ ‘ಹೊ.’, ‘ಪ.’, ‘ಉ.’, ‘ಕ.ಗೋ.’ ಎಂದು ನಾಲ್ಕು ಸಾಲುಗಳಿದ್ದು, ಪ್ರತಿ ಸಾಲಿಗೂ ಬೇರೆ ತೂಕ, ಬೇರೆ ಮೊತ್ತವಿದೆ. ಒಂದೇ ಗೋಣಿ ತಂದವರ ಹೆಸರಿನಲ್ಲೂ ಹಾಗೆಯೇ ಇದೆ. ಇವುಗಳ ಅರ್ಥವೇನು?

ಉತ್ತರ 4: ಹಳೆಯ ಗುಮಾಸ್ತ

ಅವು ಅಡಿಕೆಯ ದರ್ಜೆಗಳು: ಹೊಸತು, ಪಟೋರ, ಉಳ್ಳಿಗಡ್ಡೆ, ಕರಿಗೋಟು. ಮೊದಲನೆಯದು ಒಳ್ಳೆಯ ಅಡಿಕೆ, ಉಳಿದ ಮೂರೂ ಅದಕ್ಕಿಂತ ಕೆಳಗಿನವು. ಒಂದು ಗೋಣಿಯನ್ನು ನೆಲಕ್ಕೆ ಸುರಿದು ಈ ನಾಲ್ಕಾಗಿ ಆರಿಸಿ ತೂಗಲು ಒಳ್ಳೆಯ ಕೈಗೂ ಸಾಕಷ್ಟು ಹೊತ್ತು ಬೇಕು. ಸಣ್ಣ ಕೃಷಿಕನ ಒಂದು ಗೋಣಿಗೆ ಅಷ್ಟು ಹೊತ್ತು ಕೊಡುವವರು ವಿರಳ. ಕೈಹಾಕಿ ನಾಲ್ಕು ಅಡಿಕೆ ತುಂಡರಿಸಿ ನೋಡಿ, ‘ಪಟೋರ ಜಾಸ್ತಿ ಉಂಟು’ ಎಂದು ಇಡೀ ಗೋಣಿಗೆ ಕೆಳಗಿನ ಧಾರಣೆ ಹಾಕುವುದೇ ಪೇಟೆಗಳಲ್ಲಿ ಹೆಚ್ಚಾಗಿ ನಡೆಯುತ್ತಿದ್ದ ಕ್ರಮ. ನಿಮ್ಮ ಅಜ್ಜ ಒಂದು ಗೋಣಿಯವನಿಗೂ ನಾಲ್ಕು ಸಾಲು ಬರೆದಿದ್ದಾರೆಂದರೆ, ಪ್ರತಿ ಗೋಣಿಯನ್ನೂ ಸುರಿದು ಆರಿಸಿದ್ದಾರೆ. ಆ ಒಂದು ಪುಟದ ಚಿತ್ರವನ್ನು ಪುಸ್ತಿಕೆಯಲ್ಲಿ ಅಚ್ಚು ಹಾಕಿಸಿ. ಹೆಸರುಗಳನ್ನು ಮಾತ್ರ ಮುಚ್ಚಿಬಿಡಿ, ಅವರ ಮಕ್ಕಳು ಮೊಮ್ಮಕ್ಕಳು ಅಲ್ಲೇ ಊಟಕ್ಕೆ ಕೂತಿರುತ್ತಾರೆ.