ಮಗಳ ಡಾರ್ಮ್ ಬಾಗಿಲಿನ ಮೆಜೂಜಾ ಕಿತ್ತು ಎಸೆದಿದ್ದಾರೆ: ಓಸಿಆರ್‌ಗೆ (ಅಮೆರಿಕದ ಶಿಕ್ಷಣ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿ) ದೂರೋ, ಕೋರ್ಟೋ, ಟ್ರಾನ್ಸ್‌ಫರೋ? ಅನುಭವ ಇದ್ದವರು ಹೇಳಿ

ಹಾಸನದಮ್ಮ, ನ್ಯೂಜೆರ್ಸಿ
ನಾನು ಹಾಸನದವಳು, ನಮ್ಮ ಯಜಮಾನರು ಯಹೂದಿ. ಮಗಳಿಗೆ 19, ಪಕ್ಕದ ರಾಜ್ಯದ ಖಾಸಗಿ ಕಾಲೇಜಿನಲ್ಲಿ ಎರಡನೇ ವರ್ಷ. 2024ರ ಅಕ್ಟೋಬರ್ 24ರಂದು ಕೋಣೆಯ ಬಾಗಿಲಿನ ಮೆಜೂಜಾ (ಧರ್ಮವಚನದ ಸುರುಳಿ ಇರುವ, ಯಹೂದಿಗಳು ಬಾಗಿಲಿಗೆ ಹಚ್ಚುವ ಪುಟ್ಟ ಕರಡಿಗೆ) ಕಿತ್ತು ಕಸದ ಬುಟ್ಟಿಗೆ ಹಾಕಿದ್ದರು. ಅದೇ ವಾರ ಮಹಡಿಯವರ ಗ್ರೂಪ್‌ಮಿ ಚಾಟ್ ಗ್ರೂಪಿನಲ್ಲಿ ಕೋಣೆ ನಂಬರ್ ಸಮೇತ ‘ಜಿಯೋನಿಸ್ಟರು (ಇಸ್ರೇಲ್ ಪರರು) ಇಲ್ಲಿದ್ದಾರೆ’ ಅಂತ ಬರೆದರು. ಲ್ಯಾಬ್ ಗುಂಪಿನಿಂದಲೂ ಅವಳನ್ನು ಬಿಟ್ಟರು. ಕಾಲೇಜಿಗೆ ಕೊಟ್ಟ ದೂರನ್ನು ‘ಯಾರೆಂದು ತಿಳಿಯಲಿಲ್ಲ’ ಅಂತ 2025ರ ಫೆಬ್ರುವರಿ 10ಕ್ಕೆ ಮುಚ್ಚಿದರು. ಮಾರ್ಚ್ 18ಕ್ಕೆ ಗಾಜಾದಲ್ಲಿ ಮತ್ತೆ ದಾಳಿ ಶುರುವಾದ ಮೇಲೆ ಗ್ರೂಪಿನಲ್ಲಿ ಪುನಃ ಅದೇ ಮಾತು. ರೂಮ್‌ಮೇಟ್ ಆರ್ಥಡಾಕ್ಸ್ (ಸಂಪ್ರದಾಯಸ್ಥ) ಯಹೂದಿ ಹುಡುಗಿ. ಮೊದಲು ನೋಡಿದ್ದು ಅವಳೇ, ಆದರೆ ಫೋಟೋ 26ರ ರಾತ್ರಿಯದು. ಮುಂದೇನು ಮಾಡಬೇಕು?

ಕಡತ ಕಟ್ಟಿದವಳು
ಓಸಿಆರ್‌ಗೆ ಹೋಗಿ. ನಮ್ಮ ಮನೆಯಲ್ಲಿ ಆರಿಸಿಕೊಂಡ ದಾರಿ ಅದೇ, ಈಗಲೂ ಅದೇ ಸರಿ ಅನ್ನುತ್ತೇನೆ. ಫೀಸಿಲ್ಲ, ವಕೀಲರು ಕಡ್ಡಾಯವಲ್ಲ. ಆದರೆ ದೂರು ಬೀಳುವುದು ಸಣ್ಣ ಸಣ್ಣ ಕಾರಣಕ್ಕೆ.

ಮೊದಲನೆಯದು ದಿನಾಂಕ. ಘಟನೆಯಿಂದ 180 ದಿನದೊಳಗೆ ದೂರು ಹೋಗಬೇಕು, ರಜೆಗಳೂ ಸೇರಿ. ಮಾರ್ಚ್‌ನ ಹೊಸ ಮೆಸೇಜ್ ಇದೆಯಲ್ಲ ಅಂತ ಮುಂದೂಡಬೇಡಿ. ಅವರು ಒಂದೊಂದು ಆರೋಪದ ಅವಧಿಯನ್ನೂ ಬೇರೆ ಬೇರೆ ನೋಡುತ್ತಾರೆ. ಹಾಗೆ ಮಾಡಿದರೆ ಮೆಜೂಜಾ ಬಿದ್ದುಹೋಗಿ ಬರೀ ಚಾಟ್ ಉಳಿಯುತ್ತದೆ.

ಎರಡನೆಯದು ಸಹಿ. ಮಗಳಿಗೆ 18 ದಾಟಿದೆ, ಒಪ್ಪಿಗೆ ಪತ್ರಕ್ಕೆ ಅವಳೇ ಸಹಿ ಹಾಕಬೇಕು. ನೀವು ಎಷ್ಟು ಚೆನ್ನಾಗಿ ಬರೆದು ಕಳಿಸಿದರೂ ಆ ಹಾಳೆ ಹೋಗದಿದ್ದರೆ ಕಡತ ಮುಚ್ಚುತ್ತಾರೆ. ಕಾಲೇಜಿನ ಜೊತೆ ನೀವು ಮಾತಾಡಬೇಕಾದರೂ ಫೆರ್ಪಾ (ವಿದ್ಯಾರ್ಥಿ ದಾಖಲೆಗಳ ಗೋಪ್ಯತೆಯ ಕಾನೂನು) ಬಿಡುಗಡೆ ಪತ್ರ ಬೇಕು. ಅದೇ ಕಾನೂನಿನಲ್ಲಿ ಮಗಳು ತನ್ನ ದಾಖಲೆಗಳನ್ನು ಕೇಳಲಿ, 45 ದಿನದೊಳಗೆ ತೋರಿಸಬೇಕು. ತಾರತಮ್ಯದ ದೂರು ನೋಡುವ ಕಾಲೇಜಿನ ಬಯಾಸ್ ಕಚೇರಿಯವರು ಯಾರನ್ನಾದರೂ ವಿಚಾರಿಸಿದರೋ ಇಲ್ಲವೋ ಅನ್ನುವುದು ಹೊರಬೀಳುವುದು ಅಲ್ಲೇ.

ಮೂರನೆಯದು ಆ ಫೋಟೋ. 23ರ ಸಂಜೆಯಿಂದ ಶೆಮಿನಿ ಅಟ್ಸೆರೆಟ್, ಸಿಮ್ಖಾತ್ ತೋರಾ ಹಬ್ಬಗಳು, ಅದಕ್ಕೆ ಅಂಟಿಕೊಂಡೇ ಶಬ್ಬಾತ್, ಅಂದರೆ ಶನಿವಾರದ ವಿಶ್ರಾಂತಿ ದಿನ. ಹುಡುಗಿ 26ರ ರಾತ್ರಿಯವರೆಗೆ ಫೋನ್ ಮುಟ್ಟುವ ಹಾಗಿಲ್ಲ. ಇದನ್ನು ಬಿಡಿಸಿ ಹೇಳದಿದ್ದರೆ ‘ಎರಡು ದಿನ ಯಾಕೆ ಸುಮ್ಮನಿದ್ದರು’ ಅನ್ನುವ ಪ್ರಶ್ನೆ ಎದ್ದೇ ಏಳುತ್ತದೆ. ರೂಮ್‌ಮೇಟ್ ತನ್ನ ಹೇಳಿಕೆಯಲ್ಲಿ ಯಾವತ್ತು ಎಷ್ಟು ಗಂಟೆಗೆ ನೋಡಿದಳು, ಮಹಡಿ ನೋಡಿಕೊಳ್ಳುವ ವಿದ್ಯಾರ್ಥಿಗೆ (ಆರ್‌ಎ) ಬಾಯಲ್ಲಿ ಯಾವಾಗ ಹೇಳಿದಳು ಅಂತ ಬರೆಯಲಿ. ಫೋಟೋ ವಾಟ್ಸಾಪಿನಿಂದ ಉಳಿಸಿಕೊಂಡದ್ದಾದರೆ ತೆಗೆದ ಸಮಯವೆಲ್ಲ ಅಳಿಸಿಹೋಗಿರುತ್ತದೆ, ಮೂಲ ಫೈಲೇ ಬೇಕು. ಗ್ರೂಪ್‌ಮಿಯದು ಒಂದು ಮೆಸೇಜಿನ ತುಂಡು ಸಾಲದು. ಹಿಂದುಮುಂದಿನ ಮಾತೆಲ್ಲ ಕಾಣುವ ಹಾಗೆ ಮೇಲಿಂದ ಕೆಳಗೆ ಸರಿಸುತ್ತಾ ಸ್ಕ್ರೀನ್ ರೆಕಾರ್ಡ್ ಮಾಡಿ. ಮಾತುಕತೆ ಗುಟ್ಟಾಗಿ ರೆಕಾರ್ಡ್ ಮಾಡುವ ಮೊದಲು ರಾಜ್ಯದ ಕಾನೂನು ನೋಡಿ. ನ್ಯೂಯಾರ್ಕಿನಲ್ಲಿ ಒಬ್ಬರ ಒಪ್ಪಿಗೆ ಸಾಕು, ಪೆನ್ಸಿಲ್ವೇನಿಯಾದಲ್ಲಿ ಎಲ್ಲರದೂ ಬೇಕು.

ಕ್ಯಾಂಪಸ್ ಪೊಲೀಸರ ವರದಿ ನಂಬರ್ ಇದೆಯೇ? ವರದಿಯಲ್ಲಿ ಬಯಾಸ್ (ದ್ವೇಷದ ಕಾರಣ) ಅಂತ ಗುರುತು ಹಾಕದಿದ್ದರೆ ಕ್ಯಾಂಪಸ್ ಅಪರಾಧ ಲೆಕ್ಕ ಇಡಿಸುವ ಕ್ಲೆರಿ ಕಾಯ್ದೆಯ ಲೆಕ್ಕದಲ್ಲಿ ಅದು ದ್ವೇಷಾಪರಾಧವಾಗಿ ಬರುವುದೇ ಇಲ್ಲ, ಮಾಮೂಲಿ ಆಸ್ತಿ ಹಾನಿ. ತಿದ್ದುಪಡಿ ಕೇಳಿ, ಬಾಯಲ್ಲಲ್ಲ, ಇಮೇಲಿನಲ್ಲಿ.

ಡಲ್ಲಾಸ್ ರಾಯರು
ಮೇಡಂ, ಓಸಿಆರ್ ಅನ್ನುವವರು 2025ರ ಮಾರ್ಚ್ ಸುದ್ದಿ ಓದಿದ್ದಾರೋ ಇಲ್ಲವೋ. ಮಾರ್ಚ್ 11ಕ್ಕೆ 12 ಪ್ರಾದೇಶಿಕ ಕಚೇರಿಗಳಲ್ಲಿ 7 ಮುಚ್ಚಿದರು. ನ್ಯೂಯಾರ್ಕ್, ಫಿಲಡೆಲ್ಫಿಯಾ, ಬಾಸ್ಟನ್ ಎಲ್ಲ ಹೋಯಿತು. ಅಲ್ಲಿನ ಕಡತ ಇನ್ನು ಯಾರ ಮೇಜಿಗೆ?

ನಾವು ಮಾಡಿಸಿದ್ದು ಟ್ರಾನ್ಸ್‌ಫರ್, ಅದರಲ್ಲಿ ತಪ್ಪು ಕಾಣುತ್ತಿಲ್ಲ. ಲೆಕ್ಕ ಮಾತ್ರ ಮೊದಲೇ ಹಾಕಿಕೊಳ್ಳಿ. ಹಣದ ನೆರವು ಕೇಳುವ ಸಿಎಸ್‌ಎಸ್ ಪ್ರೊಫೈಲ್ ಅರ್ಜಿ ಮೊದಲ ಕಾಲೇಜಿಗೆ 25 ಡಾಲರ್, ಆಮೇಲೆ ಪ್ರತಿಯೊಂದಕ್ಕೂ 16. ಅದು ಪುಡಿಗಾಸು. ಮೊದಲ ವರ್ಷ ಕೊಟ್ಟ ಮೆರಿಟ್ ಸ್ಕಾಲರ್‌ಶಿಪ್ ಜೊತೆಗೆ ಬರುವುದಿಲ್ಲ, ದೊಡ್ಡ ಪೆಟ್ಟು ಅದು. ಕೊನೆಯ 60 ಕ್ರೆಡಿಟ್ ನಮ್ಮಲ್ಲೇ ಮಾಡಬೇಕು ಅನ್ನುವ ಕಾಲೇಜುಗಳು ಬಹಳ, ಆದ್ದರಿಂದ ಮೂರನೇ ವರ್ಷ ಶುರುವಾಗುವ ಮೊದಲೇ ಹೋಗಬೇಕು. ಲ್ಯಾಬ್ ಇರುವ ವಿಷಯಕ್ಕೆ ಬರೀ ಟ್ರಾನ್ಸ್‌ಕ್ರಿಪ್ಟ್ ಸಾಲದು, ಲ್ಯಾಬ್ ಎಷ್ಟು ಗಂಟೆ ಅಂತ ನಮೂದಿಸಿದ ಸಿಲಬಸ್ ಇಟ್ಟುಕೊಳ್ಳಿ. ಮಧ್ಯದಲ್ಲಿ ಬಿಡುವುದಾದರೆ ಸೆಮಿಸ್ಟರಿನ ಶೇ 60 ದಾಟುವವರೆಗೆ ಕಾಯಿರಿ. ಅದಕ್ಕೆ ಮೊದಲು ಬಿಟ್ಟರೆ ಫೆಡರಲ್ ನೆರವಿನ ಒಂದು ಪಾಲು ವಾಪಸ್ ಹೋಗಿ ಬಾಕಿ ನಿಮ್ಮ ತಲೆಗೆ ಬರುತ್ತದೆ.

ಇನ್ನೊಂದು. ಟ್ರಾನ್ಸ್‌ಫರ್ ಅರ್ಜಿಗೆ ಈಗಿನ ಕಾಲೇಜಿನಿಂದ ಕಾಲೇಜ್ ರಿಪೋರ್ಟ್ ಹೋಗಬೇಕು, ಅದರಲ್ಲಿ ಶಿಸ್ತು ಕ್ರಮದ ಕಾಲಂ ಇದೆ. ನೀವು ದೂರು ಕೊಟ್ಟ ಮೇಲೆ ಎದುರಿನವರು ನಿಮ್ಮ ಮಗಳ ಮೇಲೆ ಪ್ರತಿದೂರು ಹಾಕಿದರೆ, ಸುಳ್ಳಾಗಲಿ ನಿಜವಾಗಲಿ, ಆ ಕಾಲಂ ಖಾಲಿ ಉಳಿಯದೇ ಹೋಗಬಹುದು. ಮೊದಲು ರಿಪೋರ್ಟ್ ಹೋಗಲಿ, ಆಮೇಲೆ ದೂರು. ಹೋಗುವ ಕಾಲೇಜಿಗೆ ಯಹೂದಿ ದ್ವೇಷದ ವಿರುದ್ಧ ಕೆಲಸ ಮಾಡುವ ಎಡಿಎಲ್ ಸಂಸ್ಥೆ ಕೊಟ್ಟ ಗ್ರೇಡ್ ನೋಡಿ ತೀರ್ಮಾನಿಸಬೇಡಿ. 2024ರ ಏಪ್ರಿಲ್‌ನಲ್ಲಿ 85 ಕಾಲೇಜಿಗೆ ಗ್ರೇಡ್ ಕೊಟ್ಟು 13ಕ್ಕೆ ಎಫ್ ಹಾಕಿದರು. ಎಫ್ ಬಿದ್ದ ಕಡೆಯೂ ಶುಕ್ರವಾರ ಸಂಜೆ ಹಿಲೆಲ್ (ಯಹೂದಿ ವಿದ್ಯಾರ್ಥಿ ಕೇಂದ್ರ) ಊಟದ ಸಾಲು ತುಂಬಿರುತ್ತದೆ.

ಕಡತ ಕಟ್ಟಿದವಳು
ರಾಯರೇ, ಕಚೇರಿ ಮುಚ್ಚಿದ್ದೂ ಗೊತ್ತು, ಅರ್ಜಿ ಆನ್‌ಲೈನ್‌ನಲ್ಲಿ ಈಗಲೂ ಹೋಗುತ್ತದೆ ಅನ್ನುವುದೂ ಗೊತ್ತು. ತಡವಾಗುತ್ತದೆ, ಒಪ್ಪುತ್ತೇನೆ. ಆದರೆ 180 ದಿನ ದಾಟಿದರೆ ಆಮೇಲೆ ಸಿಬ್ಬಂದಿ ಮರಳಿ ಬಂದರೂ ಉಪಯೋಗವಿಲ್ಲ. 2024ರ ಜೂನ್ 17ರ ಮಿಷಿಗನ್ ವಿವಿ ಒಪ್ಪಂದವೂ ಅದೇ ದಿನದ ನ್ಯೂಯಾರ್ಕ್ ನಗರ ವಿವಿಯ (ಕ್ಯೂನಿ) ಒಪ್ಪಂದವೂ ಹೀಗೆ ಬಂದ ದೂರುಗಳಿಂದಲೇ ಆದದ್ದು. ಅವುಗಳಲ್ಲಿ ಯಹೂದಿ ಮಕ್ಕಳ ದೂರೂ ಇತ್ತು, ಪ್ಯಾಲೆಸ್ಟೀನಿ ಮಕ್ಕಳದೂ ಇತ್ತು. ನೀವು ಕಾಲೇಜು ಬಿಡಿಸಿದಿರಿ, ಆ ಬಾಗಿಲಿಗೆ ಮುಂದಿನ ವರ್ಷ ಬರುವ ಹುಡುಗಿಗೆ ಏನು ಗತಿ?

ಡಲ್ಲಾಸ್ ರಾಯರು
ಮುಂದಿನ ವರ್ಷದ ಹುಡುಗಿಗಾಗಿ ನನ್ನ ಮಗು ನಿದ್ದೆಗೆಡಬೇಕೇ? ಈ ಮಾತು ಬೇಡ.

ಪಾಠ ಹೇಳುವವಳು, ಮಿಡ್‌ವೆಸ್ಟ್
ಇಬ್ಬರೂ ಒಂದು ವಿಷಯ ಬಿಟ್ಟಿದ್ದೀರಿ. ದೂರಿನಲ್ಲಿ ವಿದ್ಯಾರ್ಥಿಗಳ ಹೆಸರು ಬರೆಯಬೇಡಿ. ಓಸಿಆರ್ ವಿಚಾರಿಸುವುದು ಕಾಲೇಜನ್ನು, ಹುಡುಗರನ್ನಲ್ಲ. ಮಾರ್ಚ್ 8ರಂದು ಕೊಲಂಬಿಯಾ ವಿವಿಯಲ್ಲಿ ಪ್ಯಾಲೆಸ್ಟೀನ್ ಪರ ಪ್ರತಿಭಟನೆಯಲ್ಲಿದ್ದ ಮಹಮೂದ್ ಖಲೀಲ್ ಅವರನ್ನು ವಲಸೆ ಅಧಿಕಾರಿಗಳು ಹಿಡಿದರು, ಅವರ ಹತ್ತಿರ ಗ್ರೀನ್ ಕಾರ್ಡ್ ಇತ್ತು. ಅಲ್ಲೇ ಓದುತ್ತಿದ್ದ ನಮ್ಮ ದೇಶದ ರಂಜನಿ ಶ್ರೀನಿವಾಸನ್ ವೀಸಾ ಮಾರ್ಚ್ 5ಕ್ಕೆ ರದ್ದಾಗಿ ಅವರು ಕೆನಡಾಕ್ಕೆ ಹೋಗಬೇಕಾಯಿತು. ಗ್ರೂಪಿನಲ್ಲಿ ಬರೀ ಯುದ್ಧ ನಿಲ್ಲಿಸಿ ಅಂದ ಎಫ್-1 (ವಿದ್ಯಾರ್ಥಿ ವೀಸಾ) ಹುಡುಗನೊಬ್ಬನ ಹೆಸರು ನಿಮ್ಮ ಸ್ಕ್ರೀನ್‌ಶಾಟಿನಲ್ಲಿ ಇದ್ದರೆ ಅದು ಎಲ್ಲಿಗೆ ಹೋಗುತ್ತದೋ ನಿಮ್ಮ ಕೈಯಲ್ಲಿಲ್ಲ. ಸಲ್ಲಿಸುವ ಪ್ರತಿಯಲ್ಲಿ ಸಂಬಂಧವಿಲ್ಲದವರ ಹೆಸರು ಮುಚ್ಚಿ, ಮುಚ್ಚದ ಮೂಲ ನಿಮ್ಮ ಹತ್ತಿರ ಇರಲಿ.

ಯಹೂದಿ ದ್ವೇಷ ಅಂದರೇನು ಅನ್ನುವ ಐಎಚ್‌ಆರ್‌ಎ ಸಂಸ್ಥೆಯ ವ್ಯಾಖ್ಯೆಯನ್ನು ದೂರಿನ ತುಂಬ ಅಂಟಿಸಲೂ ಬೇಡಿ. ಅದರ 11 ಉದಾಹರಣೆಗಳಲ್ಲಿ 7 ಇಸ್ರೇಲಿಗೆ ಸಂಬಂಧಿಸಿದ್ದು. ಕರಡು ಬರೆದವರಲ್ಲಿ ಮುಖ್ಯರಾದ ಕೆನೆತ್ ಸ್ಟರ್ನ್ ಅವರೇ ಕ್ಯಾಂಪಸ್ಸಿನಲ್ಲಿ ಮಾತಿಗೆ ಕಡಿವಾಣ ಹಾಕಲು ಅದನ್ನು ಬಳಸಬೇಡಿ ಅನ್ನುತ್ತಾ ಬಂದಿದ್ದಾರೆ. 2024ರಲ್ಲಿ ಕೊಲಂಬಿಯಾದ ಗಾಜಾ ಪ್ರತಿಭಟನೆಯ ಡೇರೆಗಳೊಳಗೆ ಪಾಸೋವರ್ ಹಬ್ಬದ ಸೇಡರ್ ಊಟ ಮಾಡಿದವರೂ ಯಹೂದಿ ಮಕ್ಕಳೇ.

ಕಡತ ಕಟ್ಟಿದವಳು
ಅದೇ ದಿನಗಳಲ್ಲಿ, ಏಪ್ರಿಲ್ 21ಕ್ಕೆ, ಕೊಲಂಬಿಯಾದ ಆರ್ಥಡಾಕ್ಸ್ ಮಕ್ಕಳಿಗೆ ಅವರ ರಬ್ಬಿ (ಧರ್ಮಗುರು) ‘ಮನೆಗೆ ಹೋಗಿ’ ಅಂತ ಸಂದೇಶ ಕಳಿಸಿದರು. ಅದನ್ನೂ ಹೇಳಿ ಮೇಡಂ. 2023ರ ಅಕ್ಟೋಬರ್‌ನಲ್ಲಿ ಕಾರ್ನೆಲ್ ವಿವಿಯ ಕೋಶರ್ (ಯಹೂದಿ ಆಹಾರ ನಿಯಮದ) ಊಟದ ಮನೆಗೆ ಗುಂಡು ಹಾರಿಸುತ್ತೇನೆ ಅಂತ ಬರೆದವನಿಗೆ 21 ತಿಂಗಳ ಜೈಲು ಆಯಿತು. ಬಾಗಿಲಿನ ಮೆಜೂಜಾ ಗಾಜಾದ ಮೇಲೆ ಬಾಂಬ್ ಹಾಕಿಲ್ಲ.

ಪಾಠ ಹೇಳುವವಳು
ಹಾಕಿದೆ ಅಂತ ನಾನೆಲ್ಲಿ ಅಂದೆ? ಕಿತ್ತವನಿಗೆ ಶಿಕ್ಷೆಯಾಗಲಿ ಅಂತಲೇ ನನ್ನ ಮಾತೂ. ಹೆಸರು ಮುಚ್ಚಿ ಅಂದರೆ ದ್ವೇಷ ಮುಚ್ಚಿ ಅಂತ ಓದುತ್ತೀರಲ್ಲ!

ಕೋರ್ಟ್ ನೋಡಿದವ
ಕೋರ್ಟಿನ ಬಗ್ಗೆ ಯಾರೂ ಹೇಳಲಿಲ್ಲ. ಓಸಿಆರ್‌ಗೆ ಕಿರುಕುಳ ‘ತೀವ್ರ ಅಥವಾ ವ್ಯಾಪಕ’ ಅಂತ ತೋರಿಸಿದರೆ ಸಾಕು. ಕೋರ್ಟಿನಲ್ಲಿ ತೀವ್ರವೂ ಆಗಿರಬೇಕು, ವ್ಯಾಪಕವೂ ಆಗಿರಬೇಕು, ಗೊತ್ತಿದ್ದೂ ಕಾಲೇಜು ಕೈಕಟ್ಟಿ ಕೂತಿತು ಅಂತಲೂ ತೋರಿಸಬೇಕು. ಬಾಸ್ಟನ್ನಿನ ಒಬ್ಬರೇ ನ್ಯಾಯಾಧೀಶರು, ಸ್ಟರ್ನ್ಸ್, 2024ರ ಜುಲೈ 30ಕ್ಕೆ ಎಂಐಟಿ ವಿರುದ್ಧ ಯಹೂದಿ ವಿದ್ಯಾರ್ಥಿಗಳ ದಾವೆ ವಜಾ ಮಾಡಿ, ಆಗಸ್ಟ್ 6ಕ್ಕೆ ಹಾರ್ವರ್ಡ್ ವಿರುದ್ಧದ್ದನ್ನು ಮುಂದುವರಿಸಲು ಬಿಟ್ಟರು. ಎಂಐಟಿ ತಪ್ಪಿದರೂ ಏನಾದರೂ ಮಾಡುತ್ತಾ ಹೋಗಿತ್ತು, ವ್ಯತ್ಯಾಸ ಅಲ್ಲೇ. ನಿಮ್ಮ ಕಾಲೇಜು ವಿಚಾರಿಸಿ ಪತ್ರ ಕೊಟ್ಟಿದೆ, ಕೋರ್ಟಿನಲ್ಲಿ ಅದು ಅವರ ಕಡೆಗೆ ತೂಗುತ್ತದೆ. ಗೆದ್ದರೂ ಸುಪ್ರೀಂ ಕೋರ್ಟಿನ 2022ರ ಕಮ್ಮಿಂಗ್ಸ್ ತೀರ್ಪಿನ ನಂತರ ಮನಸ್ಸಿನ ನೋವಿಗೆ ಪರಿಹಾರ ಇಲ್ಲ. ಕೈಯಿಂದ ಹೋದ ದುಡ್ಡಿಗೆ ಮಾತ್ರ, ಅದೂ ರಸೀದಿ ಇದ್ದರೆ.

ಶಿಕಾಗೊ ಸೊಸೆ
ರಾಯರೇ, ಟ್ರಾನ್ಸ್‌ಫರ್ ಮಾಡುವಾಗ ಕೋಶರ್ ಅಡುಗೆಮನೆ ಇದೆಯೇ ಅಂತಲೂ ಹುಡುಕಬೇಕೇ? ವೆಜ್ ಕೌಂಟರ್ ಸಾಕಲ್ಲ, ನಾವೆಲ್ಲ ಹಾಗೇ ಓದಿದ್ದು.

ಮಶ್ಗಿಯಾಖ್ ಕೆಲಸ ಬಲ್ಲವ
ಸಾಲದು ಅಕ್ಕ, ಕೋಶರ್ ಅಡುಗೆಯ ಮೇಲ್ವಿಚಾರಣೆ (ಮಶ್ಗಿಯಾಖ್ ಕೆಲಸ) ಬಲ್ಲವನಾಗಿ ಹೇಳುತ್ತೇನೆ. ಅದೇ ಓವನ್ನಿನಲ್ಲಿ ಮಾಂಸ ಬೆಂದಿರುತ್ತದೆ. ಚೀಸಿನಲ್ಲಿ ಹಾಲು ಹೆಪ್ಪುಗಟ್ಟಿಸುವ ಪ್ರಾಣಿಯ ರೆನೆಟ್ ಇರಬಹುದು, ವಿನೆಗರ್ ದ್ರಾಕ್ಷಿಯದಾದರೆ ಅದಕ್ಕೂ ಪ್ರಮಾಣಪತ್ರ ಬೇಕು, ಸೊಪ್ಪು ಹುಳ ನೋಡಿ ತೊಳೆದದ್ದೇ ಆಗಬೇಕು. ಪಾಸೋವರ್‌ನಲ್ಲಿ ಯುರೋಪ್ ಮೂಲದ ಅಶ್ಕೆನಾಜಿ ಯಹೂದಿಗಳಿಗೆ ಸಾಂಪ್ರದಾಯಿಕವಾಗಿ ಅನ್ನ, ಬೇಳೆಯೂ ಇಲ್ಲ. ನಮ್ಮ ಕೊಂಕಣದ ಬೆನೆ ಇಸ್ರೇಲ್ ಯಹೂದಿಗಳು ಅನ್ನ ಉಣ್ಣುತ್ತಾರೆ. ಕೋಣೆಯ ಬಾಗಿಲು ಕಾರ್ಡ್ ತಾಗಿಸಿ ತೆರೆಯುವಂಥದ್ದಾದರೆ ಶಬ್ಬಾತಿಗೆ ಲೋಹದ ಕೀಲಿ ಬೇಕು. ಹೌಸಿಂಗ್‌ಗೆ ಬೇಸಿಗೆಯಲ್ಲೇ ಬರೆಯದಿದ್ದರೆ ಸಿಗುವುದಿಲ್ಲ.

ಕಿತ್ತ ಮೆಜೂಜಾದ ಚರ್ಮದ ಸುರುಳಿ ಸಿಕ್ಕಿದ್ದರೆ ಕಾಗದದ ಲಕೋಟೆಯಲ್ಲಿಡಿ, ಪ್ಲಾಸ್ಟಿಕ್ ಬೇಡ, ರೂಢಿಯಂತೆ ಹೂಳಲೂ ಬೇಡಿ. ದೂರು ಮುಗಿಯುವವರೆಗೆ ಅದು ಸಾಕ್ಷ್ಯ. ಹೊಸದನ್ನು ಬಾಗಿಲ ಬಲಗಂಬಕ್ಕೆ, ಮೇಲಿನ ಮೂರನೇ ಒಂದು ಭಾಗದೊಳಗೇ ಅದರ ಕೆಳತುದಿಯಲ್ಲಿ, ಅಂಟುಪಟ್ಟಿಯಿಂದ ಹಚ್ಚಿ. ಮೊಳೆ ಹೊಡೆದರೆ ಹೌಸಿಂಗ್‌ನವರು ಅದನ್ನೇ ನೆಪ ಮಾಡುತ್ತಾರೆ. ಇನ್ನೊಂದು ಸಂದೇಹ: ತಾಯಿ ಯಹೂದಿ ಅಲ್ಲದಿದ್ದರೆ ಹಲಾಖಾ (ಯಹೂದಿ ಧರ್ಮಶಾಸ್ತ್ರ) ಪ್ರಕಾರ ಮಗಳು—

ಹಾಸನದಮ್ಮ, ನ್ಯೂಜೆರ್ಸಿ
ಅದನ್ನು ಇಲ್ಲಿ ಎತ್ತಬೇಡಿ ದಯವಿಟ್ಟು. ಮೆಜೂಜಾ ಕಿತ್ತವರು ಅದನ್ನು ಕೇಳಲಿಲ್ಲ.

ಕಡತ ಕಟ್ಟಿದವಳು
ಕಾನೂನೂ ಕೇಳುವುದಿಲ್ಲ ಅಕ್ಕ. ಈ ದೂರಿಗೆ ಆಧಾರವಾದ ಟೈಟಲ್ ಸಿಕ್ಸ್ ಕಾನೂನಿನಲ್ಲಿ ಧರ್ಮ ಅನ್ನುವ ಪದವೇ ಇಲ್ಲ. ಇರುವುದು ಜನಾಂಗ, ಬಣ್ಣ, ರಾಷ್ಟ್ರ ಮೂಲ. ಯಹೂದಿಗಳಿಗೆ ಅದು ಅನ್ವಯಿಸುವುದು ಹಂಚಿಕೊಂಡ ವಂಶದ ನೆಲೆಯಲ್ಲಿ, ನಿಜವಾದದ್ದಾದರೂ ಸರಿ, ಎದುರಿನವರು ಅಂದುಕೊಂಡದ್ದಾದರೂ ಸರಿ. ಆ ವಾಕ್ಯವನ್ನೇ ದೂರಿನ ಮೊದಲ ಪ್ಯಾರಾದಲ್ಲಿ ಹಾಕಿ.

ಕೋರ್ಟ್ ನೋಡಿದವ
ಫೆಬ್ರುವರಿ 10ರ ಪತ್ರದಿಂದ 60 ದಿನ ಅಂದರೆ ಏಪ್ರಿಲ್ 11. ಗಡುವು ಅದು, 180 ಅಲ್ಲ.

ಕಡತ ಕಟ್ಟಿದವಳು
ತಪ್ಪು. 60 ದಿನದ್ದು 180 ದಾಟಿಹೋದವರು ವಿನಾಯಿತಿ ಕೇಳುವುದಕ್ಕೆ. ಇವರದು ಏಪ್ರಿಲ್ 22ಕ್ಕೆ 180 ಆಗುತ್ತದೆ. ಇನ್ನೂ ಒಂದು: ಈ ನಡುವೆ ಕಾಲೇಜಿಗೆ ಅಪೀಲು ಹಾಕಬೇಡಿ ಅಕ್ಕ. ಅಲ್ಲಿ ಬಾಕಿ ಇದೆ ಅಂತ ಓಸಿಆರ್ ಕಡತ ಮುಚ್ಚಬಹುದು.

ಮಶ್ಗಿಯಾಖ್ ಕೆಲಸ ಬಲ್ಲವ
ಅಮ್ಮಾ, ಮೇಲಿನ ಮಾತಿಗೆ ಕ್ಷಮಿಸಿ. 22ರವರೆಗೆ ಕಾಯಬೇಡಿ. ಏಪ್ರಿಲ್ 12 ಶಬ್ಬಾತ್, ಅಂದು ಸಂಜೆಯಿಂದಲೇ ಪಾಸೋವರ್. 13, 14 ಹಾಗೂ 19, 20 ರೂಮ್‌ಮೇಟ್ ಪೆನ್ನು ಹಿಡಿಯುವುದಿಲ್ಲ. ನಡುವಿನ ದಿನಗಳಲ್ಲಿ ಊರಿಗೆ ಹೋಗಿರುತ್ತಾಳೆ. ಅವಳ ಹೇಳಿಕೆಗೆ 11ರ ಶುಕ್ರವಾರ ಮಧ್ಯಾಹ್ನದೊಳಗೆ ಸಹಿ ಹಾಕಿಸಿ.