ಬಾಲ ನ್ಯಾಯ ಮಂಡಳಿಗೆ ಸಾಮಾಜಿಕ ತನಿಖಾ ವರದಿ: ಏನು ನೋಡಬೇಕು, ಏನು ಬರೆಯಬಾರದು?

ಹೊಸ_ಪಿಒ:
ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಪರಿವೀಕ್ಷಣಾಧಿಕಾರಿಯಾಗಿ (ಪ್ರೊಬೇಷನ್ ಆಫೀಸರ್) ಈಗಷ್ಟೇ ಸೇರಿದ್ದೇನೆ. ಅಪರಾಧದ ಆರೋಪ ಬಂದ ಮಗುವಿನ ಮನೆ, ಶಾಲೆ, ಪರಿಸ್ಥಿತಿಯ ಬಗ್ಗೆ ಮಂಡಳಿಗೆ ಫಾರಂ 6ರಲ್ಲಿ ವರದಿ ಕೊಡಬೇಕು. ಹಳೆಯ ಕಡತ ತೆಗೆದು ನೋಡಿದರೆ ಎಲ್ಲದರಲ್ಲೂ ಒಂದೇ ಸಾಲು: "ಬಡ ಕುಟುಂಬ, ಸಹವಾಸ ದೋಷ, ಬುದ್ಧಿ ಹೇಳಿ ಬಿಡಬಹುದು." ಹೀಗೆ ಬರೆದರೆ ಸಾಕಾಗುತ್ತಾ? ವರದಿ ಕೊಡಲು ಇರುವ 15 ದಿನದ ಗಡುವು ಎಲ್ಲಿಂದ ಲೆಕ್ಕ? ಹುಡುಗ "ಹೌದು, ನಾನೇ ಮಾಡಿದ್ದು" ಅಂದರೆ ಬರೆಯಬೇಕಾ? ಶಿಫಾರಸಿನ ಕಾಲಂನಲ್ಲಿ ಎಷ್ಟು ವಿವರ ಬೇಕು? ಅನುಭವ ಇರುವವರು ದಯವಿಟ್ಟು ತಿಳಿಸಿ.

ಕಡತ_ಕಪಾಟು:
ಮೊದಲು ದಿನದ ಲೆಕ್ಕ. 2015ರ ಬಾಲ ನ್ಯಾಯ ಕಾಯ್ದೆಯ ಸೆಕ್ಷನ್ 8ರ ಪ್ರಕಾರ 15 ದಿನ ಶುರುವಾಗುವುದು ಮಗುವನ್ನು ಮಂಡಳಿಯ ಮುಂದೆ ಮೊದಲ ಸಲ ಹಾಜರುಪಡಿಸಿದ ದಿನದಿಂದ. ಮಂಡಳಿಯ ಪತ್ರ ನಿಮ್ಮ ಮೇಜಿಗೆ ಬಂದ ದಿನದಿಂದಲ್ಲ. ಪತ್ರ ಟಪಾಲಿನಲ್ಲಿ ಒಂದು ವಾರ ಸುತ್ತಿ ಬಂದರೆ ನಿಮಗೆ ಉಳಿಯುವುದು ಇನ್ನೊಂದೇ ವಾರ. ಅದಕ್ಕೇ ಪತ್ರಕ್ಕೆ ಕಾಯಬೇಡಿ. ಸೆಕ್ಷನ್ 13ರಂತೆ ಮಗುವನ್ನು ವಶಕ್ಕೆ ಪಡೆದ ಕೂಡಲೇ ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಪೋಷಕರಿಗೂ ನಿಮಗೂ ತಿಳಿಸಬೇಕು. ಎಷ್ಟೋ ಕಡೆ ತಿಳಿಸುವುದಿಲ್ಲ. ನಿಮ್ಮ ವ್ಯಾಪ್ತಿಯ ಠಾಣೆಗಳಲ್ಲಿ ಆ ಅಧಿಕಾರಿ ಯಾರು ಅನ್ನುವ ಪಟ್ಟಿ, ಫೋನ್ ನಂಬರ್ ಸಮೇತ ಇಟ್ಟುಕೊಂಡು ನೀವೇ ಕೇಳುತ್ತಿರಿ. ಅವರು ತುಂಬುವ ಫಾರಂ 1 (ಮಗುವಿನ ಸಾಮಾಜಿಕ ಹಿನ್ನೆಲೆಯ ವರದಿ) ಪಡೆದುಕೊಳ್ಳಿ. ಎಫ್‌ಐಆರ್ ಪ್ರತಿ ಬಂದಿಲ್ಲ ಅಂತ ಕೆಲವರು ಕೂತುಬಿಡುತ್ತಾರೆ. 2016ರ ಮಾದರಿ ನಿಯಮಗಳ ಪ್ರಕಾರ ಘೋರ ಅಪರಾಧ (ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಹೆಚ್ಚು ಇರುವಂಥದ್ದು) ಅಥವಾ ವಯಸ್ಕರ ಜೊತೆ ಸೇರಿ ಮಾಡಿದ್ದೆನ್ನುವ ಪ್ರಕರಣ ಬಿಟ್ಟರೆ ಎಫ್‌ಐಆರ್ ಹಾಕುವಂತೆಯೇ ಇಲ್ಲ. ಠಾಣೆಯ ದಿನಚರಿಯಲ್ಲಿ ನಮೂದು, ಜೊತೆಗೆ ಫಾರಂ 1, ಅಷ್ಟೇ.

ಮಗುವಿನ ಭೇಟಿ ಎರಡು ಸಲ ಇರಲಿ, ಮನೆಗೆ ಹೋಗುವ ಮುಂಚೆ ಒಂದು, ಹೋಗಿಬಂದ ಮೇಲೆ ಒಂದು. ಮನೆಯವರ ಮಾತಿಗೂ ಹುಡುಗನ ಮಾತಿಗೂ ತಾಳೆಯಾಗದ ಜಾಗಗಳು ಎರಡನೇ ಸಲ ಮಾತ್ರ ಬಿಚ್ಚಿಕೊಳ್ಳುತ್ತವೆ. ವೀಕ್ಷಣಾಲಯದಲ್ಲಿ (ವಿಚಾರಣೆ ನಡೆಯುವಾಗ ಮಕ್ಕಳನ್ನು ಇರಿಸುವ ಗೃಹ) ಸಿಬ್ಬಂದಿ ಪಕ್ಕದಲ್ಲಿ ನಿಂತಿದ್ದರೆ ಮಾತು ಬರುವುದಿಲ್ಲ, ಬೇರೆ ಕೋಣೆ ಕೇಳಿ. ನೀವು ಯಾರು, ಬರೆದದ್ದನ್ನು ಯಾರು ಓದುತ್ತಾರೆ ಅನ್ನುವುದನ್ನು ಮೊದಲೇ ಹೇಳಿ. ಘಟನೆಯಿಂದ ಶುರು ಮಾಡಬೇಡಿ. ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತೀಯ, ಆಗ ಮನೆಯಲ್ಲಿ ಯಾರಿರುತ್ತಾರೆ, ಶಾಲೆಗೆ ಕಡೇ ಸಲ ಹೋಗಿದ್ದು ಯಾವಾಗ, ದುಡ್ಡು ಬೇಕಾದರೆ ಯಾರನ್ನು ಕೇಳುತ್ತೀಯ, ಹೀಗೆ.

ಮನೆ ಭೇಟಿಗೆ ಕಚೇರಿ ಸಮಯದಲ್ಲಿ ಹೋದರೆ ಕೂಲಿಗೆ ಹೋಗುವವರ ಮನೆಯಲ್ಲಿ ಬೀಗ ಸಿಗುತ್ತದೆ. ಬೆಳಿಗ್ಗೆ ಏಳರೊಳಗೆ ಅಥವಾ ರಾತ್ರಿ ಏಳರ ಮೇಲೆ ಹೋಗಿ. ತಾಯಿ ತಂದೆಯನ್ನು ಒಟ್ಟಿಗೆ ಕೂರಿಸಿ ಕೇಳಿದರೆ ಒಬ್ಬರೇ ಮಾತಾಡುತ್ತಾರೆ, ಬೇರೆ ಬೇರೆ ಕೇಳಿ. ಆದಾಯಕ್ಕೆ "ಕೂಲಿ" ಅಂತ ಬರೆದರೆ ಏನೂ ಗೊತ್ತಾಗುವುದಿಲ್ಲ. ದಿನಕ್ಕೆಷ್ಟು, ತಿಂಗಳಲ್ಲಿ ಎಷ್ಟು ದಿನ ಕೆಲಸ, ಮಳೆಗಾಲದಲ್ಲಿ ಎಷ್ಟು, ಸಂಘದ ವಾರದ ಕಂತು ಎಷ್ಟು ಕಟ್ಟಬೇಕು, ಇಷ್ಟು ಬರೆಯಿರಿ. ಹುಡುಗ ಎಲ್ಲಿ ಮಲಗುತ್ತಾನೆ ಅಂತ ಕೇಳುವುದು ಮರೆಯಬೇಡಿ. ಆ ಒಂದು ಪ್ರಶ್ನೆಗೇ ಅರ್ಧ ಸಂಸಾರ ಹೊರಬರುತ್ತದೆ.

ಫಾರಂನಲ್ಲಿ ತಂದೆ ತಾಯಿ ಸಂಬಂಧಕ್ಕೆ ಸೌಹಾರ್ದ, ಸೌಹಾರ್ದವಲ್ಲ, ಗೊತ್ತಿಲ್ಲ ಅಂತ ಟಿಕ್ ಜಾಗ ಇದೆ. ಬರೀ ಟಿಕ್ ಹಾಕಿದ ವರದಿ ಕೆಲಸಕ್ಕೆ ಬರುವುದಿಲ್ಲ. ಪ್ರತಿ ಮಾತಿನ ಪಕ್ಕ ಅದು ಯಾರಿಂದ ಗೊತ್ತಾಯಿತು ಅಂತ ಇರಬೇಕು. "ಹುಡುಗ ದುಶ್ಚಟಕ್ಕೆ ದಾಸ, ಮನೆ ವಾತಾವರಣ ಸರಿಯಿಲ್ಲ" ಅನ್ನುವುದರ ಬದಲು ಹೀಗೆ: "ತಂದೆ ವಾರದಲ್ಲಿ ಮೂರ್ನಾಲ್ಕು ದಿನ ಕುಡಿದು ಬರುತ್ತಾರೆ (ತಾಯಿ, ಅಜ್ಜಿ ಬೇರೆ ಬೇರೆಯಾಗಿ ಹೇಳಿದ್ದು). ಆ ರಾತ್ರಿಗಳಲ್ಲಿ ಮಗು ಚಿಕ್ಕಮ್ಮನ ಮನೆಯಲ್ಲಿ ಮಲಗುತ್ತದೆ. ನವೆಂಬರ್‌ವರೆಗೆ ಶಾಲೆಗೆ ಸರಿಯಾಗಿ ಬಂದಿದೆ, ಡಿಸೆಂಬರ್‌ನಿಂದ ಬಂದಿಲ್ಲ (ಹಾಜರಾತಿ ಪುಸ್ತಕ)." ಈಗ ಓದುವವರಿಗೆ ಡಿಸೆಂಬರ್‌ನಲ್ಲಿ ಏನಾಯಿತು ಅನ್ನುವ ಪ್ರಶ್ನೆ ಹುಟ್ಟುತ್ತದೆ. ಅದಕ್ಕೆ ಉತ್ತರ ಹುಡುಕಿದರೆ ಶಿಫಾರಸು ಅಲ್ಲೇ ಇರುತ್ತದೆ.

ಮಂಡಳಿ_ಮೇಜು:
ಒಪ್ಪಿಕೊಂಡ ಮಾತಿನ ಬಗ್ಗೆ. ನಿಮ್ಮದು ಎರಡನೇ ಪೊಲೀಸ್ ತನಿಖೆಯಲ್ಲ. "ಅಪರಾಧ ಒಪ್ಪಿಕೊಂಡಿದ್ದಾನೆ" ಅಂತ ಬರೆಯಲೇಬೇಡಿ, ಹೇಳಿಕೆ ಬರೆಸಿ ಸಹಿ ತೆಗೆದುಕೊಳ್ಳುವುದಂತೂ ಬೇಡವೇ ಬೇಡ. ಮಂಡಳಿಯ ವಿಚಾರಣೆ ಇನ್ನೂ ಮುಗಿದಿರುವುದಿಲ್ಲ, ಮಗು ನಿರಪರಾಧಿ ಎಂದೇ ಭಾವಿಸಬೇಕೆನ್ನುವುದು ಸೆಕ್ಷನ್ 3ರ ಮೊದಲ ತತ್ವ. ಫಾರಂನಲ್ಲಿ ಆರೋಪಿತ ಕೃತ್ಯದಲ್ಲಿ ಮಗುವಿನ ಪಾತ್ರ ಅಂತ ಕಾಲಂ ಇದೆಯಲ್ಲ, ಅಲ್ಲಿ "ಪೊಲೀಸ್ ದಾಖಲೆಯಂತೆ" ಅಂತ ಒಂದು ಸಾಲು ಸಾಕು. ಯಾರ ಜೊತೆ ಇದ್ದ, ಕರೆದುಕೊಂಡು ಹೋದವರ ವಯಸ್ಸೆಷ್ಟು, ಯಾರ ಕೈಗೆ ಏನು ಹೋಯಿತು, ಇವು ಸನ್ನಿವೇಶಕ್ಕೆ ಸೇರಿದ್ದು, ಬರೆಯಿರಿ. ಹಿಂದೆ ದೊಡ್ಡವರು ಇದ್ದರೆ ಅದು ಮಂಡಳಿಗೆ ತಿಳಿಯಲೇಬೇಕು. ಆರೋಪಿ, ಬಂಧನ, ಕಳ್ಳತನದ ಸ್ವಭಾವ, ಈ ಥರದ ಪದಗಳೂ ಬೇಡ. ದೂಷಿಸುವ ಭಾಷೆ ಬಳಸಬಾರದು ಅಂತ ಅದೇ ಸೆಕ್ಷನ್ ಹೇಳುತ್ತದೆ.

16 ದಾಟಿದ ಮಗು, ಘೋರ ಅಪರಾಧದ ಆರೋಪ ಅಂದರೆ ಇನ್ನೂ ಹುಷಾರು. ಸೆಕ್ಷನ್ 15ರ ಪ್ರಾಥಮಿಕ ಮೌಲ್ಯಮಾಪನ, ಅಂದರೆ ಕೃತ್ಯ ಮಾಡುವ, ಅದರ ಪರಿಣಾಮ ತಿಳಿಯುವ ಸಾಮರ್ಥ್ಯ ಮಗುವಿಗೆ ಇತ್ತೇ ಅಂತ ನೋಡುವುದು, ಮಂಡಳಿಯ ಕೆಲಸ, ಅದಕ್ಕೆ ಮನಃಶಾಸ್ತ್ರಜ್ಞರ ನೆರವು ಪಡೆಯಬಹುದು. "ಪರಿಣಾಮ ಗೊತ್ತಿದ್ದೇ ಮಾಡಿದ್ದಾನೆ" ಅಂತ ನೀವು ಬರೆದರೆ ಆ ಒಂದು ಸಾಲು ಅವನನ್ನು ವಯಸ್ಕನಂತೆ ವಿಚಾರಣೆ ನಡೆಸಬಹುದಾದ ಮಕ್ಕಳ ನ್ಯಾಯಾಲಯದ ಕಡೆಗೆ ತಳ್ಳಬಹುದು.

ವಯಸ್ಸಿನ ವಿಷಯ ಚಿಕ್ಕದು, ಆದರೆ ಅಲ್ಲೇ ಎಡವುವುದು ಜಾಸ್ತಿ. ಸೆಕ್ಷನ್ 94ರ ಕ್ರಮ ಹೀಗಿದೆ: ಮೊದಲು ಶಾಲೆಯ ಜನ್ಮ ದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಂಥದ್ದು, ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ನಗರಸಭೆಯ ಜನನ ಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಆ ಪಟ್ಟಿಯಲ್ಲಿ ಆಧಾರ್ ಇಲ್ಲ. ಎರಡು ದಾಖಲೆಯಲ್ಲಿ ಎರಡು ತಾರೀಕು ಇದ್ದರೆ ನೀವು ಒಂದನ್ನು ಆರಿಸಬೇಡಿ, ಎರಡನ್ನೂ ಲಗತ್ತಿಸಿ.

ಕೇಸ್_ವರ್ಕರ್:
ಮೇಲಿನವರು ಹಾಜರಾತಿ ನೋಡಿ ಅಂದರು. ಸರಿ, ಆದರೆ ಹೇಗೆ ನೋಡುತ್ತೀರಿ ಅನ್ನುವುದೂ ಮುಖ್ಯ. ಶಾಲೆಗೆ ಕೊಡುವ ಪತ್ರದಲ್ಲಿ ಪ್ರಕರಣದ ಸಂಖ್ಯೆ, ಕಲಂ ಹಾಕಬೇಡಿ. ಸ್ಟಾಫ್ ರೂಮಿನಲ್ಲಿ ಮಾತು ಬೇಡ, ಮುಖ್ಯ ಶಿಕ್ಷಕರ ಹತ್ತಿರ ಮಾತ್ರ. ಆ ಮಗುವಿನ ಹೆಸರು ಮಾತ್ರ ಹೇಳುವ ಬದಲು ಇಡೀ ತರಗತಿಯ ಹಾಜರಾತಿ ಪುಸ್ತಕ ತರಿಸಿಕೊಂಡು ನೋಡಿಕೊಳ್ಳಬಹುದು. ಬೀದಿ ಅಂಗಡಿಯಲ್ಲಿ "ಆ ಕೇಸಿನ ಹುಡುಗನ ಮನೆ ಎಲ್ಲಿ" ಅಂತ ಕೇಳಿದರೆ ಅವನು ಆ ಬೀದಿಗೆ ವಾಪಸ್ ಬರುವುದೇ ಕಷ್ಟವಾಗುತ್ತದೆ. ಇಲಾಖೆ ಹೆಸರಿನ ಜೀಪು ದೂರ ನಿಲ್ಲಿಸಿ ನಡೆದು ಹೋಗಿ. ಮಾಧ್ಯಮಗಳಲ್ಲಿ ಗುರುತು ಬಯಲಾದರೆ ಸೆಕ್ಷನ್ 74ರಡಿ ಆರು ತಿಂಗಳವರೆಗೆ ಜೈಲು, 2 ಲಕ್ಷದವರೆಗೆ ದಂಡ ಅಥವಾ ಎರಡೂ ಇದೆ. ಅಕ್ಕಪಕ್ಕದ ಬಾಯಿಗೆ ಬೀಳುವುದನ್ನು ತಡೆಯುವ ಕಲಂ ಇಲ್ಲ, ಅದು ನಿಮ್ಮ ಕೈಯಲ್ಲೇ ಇದೆ.

ಕಡತ_ಕಪಾಟು:
ಶಿಫಾರಸು ಬಿಟ್ಟುಹೋಗಿತ್ತು. "ಕೌನ್ಸೆಲಿಂಗ್ ಕೊಡಿಸಬೇಕು" ಅಂತ ಬರೆದರೆ ಮಂಡಳಿ ಅದನ್ನೇ ಆದೇಶ ಮಾಡುತ್ತದೆ, ಆಮೇಲೆ ಕೌನ್ಸೆಲರ್ ಎಲ್ಲಿ ಅಂತ ನೀವೇ ಹುಡುಕಬೇಕು. ಯಾರು, ಎಲ್ಲಿ, ಯಾವ ವಾರ, ಬಸ್ ಖರ್ಚು ಯಾರದು ಅಂತ ವಿಚಾರಿಸಿಕೊಂಡು ಬರೆಯಿರಿ. ಶಾಲೆಗೆ ವಾಪಸ್ ಅಂದರೆ ಮುಖ್ಯ ಶಿಕ್ಷಕರು ಒಪ್ಪಿದ್ದಾರಾ, ಟಿಸಿ ಎಲ್ಲಿದೆ ಅಂತ ಮೊದಲೇ ನೋಡಿ. ಸೆಕ್ಷನ್ 18ರಡಿ ಸನ್ನಡತೆಯ ಪ್ರೊಬೇಷನ್ (ಒಳ್ಳೆಯ ನಡತೆಯ ಷರತ್ತಿನ ಮೇಲೆ ಬಿಡುಗಡೆ) ಮೂರು ವರ್ಷದವರೆಗೆ ಹೋಗಬಹುದು. ಅಷ್ಟು ಕಾಲ ಹುಡುಗನನ್ನು ಶಾಲೆ ದಿನವೇ ಕಚೇರಿಗೆ ಕರೆಸಿ ಸಹಿ ಹಾಕಿಸಿಕೊಂಡರೆ, ಹಾಜರಾತಿ ಸರಿ ಮಾಡಲು ಬಂದ ಆದೇಶವೇ ಅದನ್ನು ಕೆಡಿಸುತ್ತದೆ. ಭಾನುವಾರ ನೀವೇ ಹೋಗಿ.

ಹೊಸ_ಪಿಒ:
ತುಂಬಾ ಉಪಕಾರ ಆಯಿತು. ಇನ್ನೊಂದು ಕೇಳುತ್ತೇನೆ. ಜಾಮೀನು ಆದೇಶ ಆಗಿದೆ, ಆದರೆ ಶ್ಯೂರಿಟಿ ಕೊಡುವವರು ಯಾರೂ ಇಲ್ಲದೆ ಹುಡುಗ ವೀಕ್ಷಣಾಲಯದಲ್ಲೇ ಇದ್ದರೆ?

ಮಂಡಳಿ_ಮೇಜು:
ಆದೇಶದ ದಿನದಿಂದ ಏಳು ದಿನದೊಳಗೆ ಷರತ್ತು ಪೂರೈಸಲು ಆಗದಿದ್ದರೆ ಷರತ್ತು ಬದಲಿಸಲು ಮಗುವನ್ನು ಮತ್ತೆ ಮಂಡಳಿ ಮುಂದೆ ತರಬೇಕು, ಸೆಕ್ಷನ್ 12ರಲ್ಲೇ ಇದೆ. ಯಾರೂ ಲೆಕ್ಕ ಇಡದ ಕಾರಣ ದಿನ ದಾಟಿಹೋಗುತ್ತದೆ. ನೀವು ಇಡಿ. ಶ್ಯೂರಿಟಿ ಇಲ್ಲದೆಯೂ ಜಾಮೀನು ಕೊಡಬಹುದು, ನಿಮ್ಮ ಮೇಲ್ವಿಚಾರಣೆಗೂ ಒಪ್ಪಿಸಬಹುದು. ಅಜ್ಜಿಯೋ ಸೋದರಮಾವನೋ ನೋಡಿಕೊಳ್ಳಲು ಸಿದ್ಧರಿದ್ದರೆ ಅವರನ್ನು ಅವತ್ತು ಕರೆದುಕೊಂಡು ಬನ್ನಿ. ಕಾಗದದಲ್ಲಿ ಹೆಸರು ಬರೆದಿದ್ದಕ್ಕಿಂತ ಎದುರಿಗೆ ನಿಂತವರನ್ನು ನೋಡಿದರೆ ಮಂಡಳಿಗೆ ತೀರ್ಮಾನ ಸುಲಭ.