ಕುಮ್ಕಿಯೂ ಕುಮೇರಿಯೂ ಒಂದೆಯೆ?

ಪ್ರಶ್ನೆ: ಬೆಳ್ತಂಗಡಿ ಕಡೆ, ಘಟ್ಟದ ಬುಡದಲ್ಲಿ ಹೊರಗಿನಿಂದ ಬಂದವರು ನೆಲೆಯೂರಿದ ಊರೊಂದರ ಚರಿತ್ರೆ ಬರೆಯುತ್ತಿದ್ದೇವೆ. ಹಳೆಯ ಮೂಲಗೇಣಿ ಪತ್ರದಲ್ಲಿ ‘ಖದೀಂ ವರ್ಗ, ಕುಮ್ಕಿ ಹಕ್ಕು ಸಮೇತ’ ಎಂದಿದೆ. ಈ ಕುಮ್ಕಿ ಎಂದರೆ ಕಾಡು ಕಡಿದು ಸುಟ್ಟು ಬೆಳೆ ತೆಗೆಯುವ ಕುಮೇರಿಯೇ? ಎಷ್ಟು ಎಕರೆ ಎಂದು ಲೆಕ್ಕ ಹಾಕುವುದು?

ಉತ್ತರ 1: ಅಲ್ಲವೇ ಅಲ್ಲ. ಕುಮೇರಿ ಬೇಸಾಯದ ಕ್ರಮ, ಕುಮ್ಕಿ ಹಕ್ಕಿನ ಹೆಸರು. ನಮ್ಮ ‘ಕುಮ್ಮಕ್ಕು’ ಬಂದದ್ದೂ ಇದೇ ಮೂಲದಿಂದ. ನೆರವು, ಒತ್ತಾಸೆ ಎಂಬರ್ಥ. ಗದ್ದೆ ತೋಟಗಳಿಗೆ ಒತ್ತಾಸೆಯಾಗಿ ಪಕ್ಕದಲ್ಲಿರುವ ಸರಕಾರಿ ಜಾಗ ಅದು. ವರ್ಗದ (ಕಂದಾಯ ಕಟ್ಟುವ ಹಿಡುವಳಿಯ) ಗಡಿಯಿಂದ 100 ಗಜದವರೆಗೆ, ಅಂದರೆ ಸುಮಾರು ನಾಲ್ಕೂವರೆ ಚೈನು, ಹತ್ತಿರಹತ್ತಿರ 91 ಮೀಟರ್. ಅಲ್ಲಿಂದ ಸೊಪ್ಪು, ತರಗೆಲೆ, ಸೌದೆ ತರಬಹುದು, ದನ ಮೇಯಿಸಬಹುದು. ಒಡೆತನ ಮಾತ್ರ ಸರಕಾರದ್ದು.

ಆದ್ದರಿಂದ ‘ಇಂಥವರಿಗೆ 10 ಎಕರೆ ಜಮೀನಿತ್ತು’ ಎಂದು ಬರೆಯುವಾಗ ಕುಮ್ಕಿಯನ್ನು ಕೂಡಿಸಬೇಡಿ. ಊರ ಚರಿತ್ರೆಗಳಲ್ಲಿ ಪದೇ ಪದೇ ಕಾಣುವ ತಪ್ಪು ಇದು. ಪಹಣಿಯಲ್ಲಿ ಕುಮ್ಕಿಯ ಸರ್ವೆ ನಂಬರಿಗೆ ‘ಸರಕಾರ’ ಎಂದೇ ಇರುತ್ತದೆ. ಪತ್ರದ ಷೆಡ್ಯೂಲಿನಲ್ಲಿ ವರ್ಗದ ನಂಬರುಗಳನ್ನಷ್ಟೇ ಕೂಡಿ ನೋಡಿ. ಆಮೇಲೆ ಬಂದವರು ಕುಮ್ಕಿ ಜಾಗದಲ್ಲಿ ರಬ್ಬರ್ ಇಟ್ಟಿದ್ದರೆ ಅದು ಕುಮ್ಕಿ ಹಕ್ಕಿನೊಳಗೆ ಬರುವುದಿಲ್ಲ, ಸೊಪ್ಪಿನ ಹಕ್ಕು ಬೇರೆ, ಸಾಗುವಳಿಯ ಹಕ್ಕು ಬೇರೆ. ಸಾಗುವಳಿಗೆ ದರಖಾಸ್ತು, ಅಂದರೆ ಸರಕಾರದ ಮಂಜೂರಾತಿ, ಬೇಕು. ಕೊಡಗಿನ ‘ಬಾಣೆ’ ಹಾಗೂ ನಮ್ಮ ದಕ್ಷಿಣ ಕನ್ನಡದ್ದೇ ‘ಕಾಣೆ’ ಕುಮ್ಕಿಯಂಥವೇ ಹಕ್ಕುಗಳಾಗಿ ಇದರ ನೆಂಟರಾದರೂ ನಿಯಮ ಒಂದೇ ಅಲ್ಲ. 1964ರ ಭೂಕಂದಾಯ ಕಾಯ್ದೆಯ 79ನೇ ಕಲಮಿನಲ್ಲಿ ಮೂರನ್ನೂ ಹೆಸರಿಸಿದ್ದಾರೆ.

ಉತ್ತರ 2: ‘ಖದೀಂ’ (ಹಳೆಯದು) ಅನ್ನುವುದನ್ನು ದಾಟಿ ಹೋಗಬೇಡಿ. ಕುಮ್ಕಿ ಸಿಗುವುದು ಫಸಲಿ (ಕಂದಾಯ ಲೆಕ್ಕದ ವರ್ಷ) 1276ರೊಳಗಿನ ಹಳೆಯ ವರ್ಗಗಳಿಗೆ. ಫಸಲಿಗೆ 590 ಕೂಡಿಸಿ: 1866. ಮದರಾಸು ಲೆಕ್ಕದಲ್ಲಿ ಫಸಲಿ ಜುಲೈಯಲ್ಲಿ ಶುರು, ಹಾಗಾಗಿ ಜನವರಿಯಿಂದ ಜೂನ್‌ವರೆಗಿನ ತಾರೀಖಿಗೆ 591 ಕೂಡಿಸಬೇಕು. ‘ಹೊಸಗಮೆ’ ಎಂದಿದ್ದರೆ ಹೊಸದಾಗಿ ಸಾಗುವಳಿಗೆ ತಂದದ್ದು. ಅದಕ್ಕೂ ಕುಮ್ಕಿ ಇತ್ತೆಂದು ಸುಮ್ಮನೆ ಭಾವಿಸಲಾಗದು.

ಮೂಲಗೇಣಿದಾರನನ್ನು ‘ಒಕ್ಕಲು’ ಎಂದು ಮುಗಿಸುವುದೂ ಸಾಲದು. ಮೂಲಗೇಣಿ ಶಾಶ್ವತ, ಗೇಣಿಯೂ ನಿಗದಿ. ಚಾಲಗೇಣಿಯವನನ್ನು ಧಣಿ ಎಬ್ಬಿಸಬಹುದಿತ್ತು. ವಾಯಿದೆಗೇಣಿಗೆ ಅವಧಿ ಇರುತ್ತಿತ್ತು. ನಿಮ್ಮ ಪತ್ರದಲ್ಲಿ ಗೇಣಿ ಮುಡಿಯ (ಧಾನ್ಯದ ಹಳೆಯ ಅಳತೆ) ಲೆಕ್ಕದಲ್ಲಿದ್ದರೆ ಅಕ್ಕಿಯೋ ಭತ್ತವೋ ಎಂದು ಮೊದಲು ನೋಡಿಕೊಳ್ಳಿ. ಅಕ್ಕಿಮುಡಿ ಸಾಮಾನ್ಯವಾಗಿ 42 ಸೇರು, ಆದರೆ ಧಣಿಯ ಮನೆಯ ಕಳಸೆಯ (ಧಾನ್ಯ ಅಳೆಯುವ ಮಾನ) ಅಳತೆ ಬೇರೆ ಇದ್ದರೆ ಪತ್ರದಲ್ಲೇ ಹೇಳಿರುತ್ತಾರೆ.